ಹೊಸ ರಾಜ, ಹಳೇ ಕಿಟಕಿ

ಭಾನುವಾರದ ಎರಡನೇ ಆರಾಧನೆಯ ಸಂದೇಶ
ವಾಕ್ಯಭಾಗ: ದಾನಿಯೇಲನು 1:1–21, 5:10–16, 6:1–10

ಎಲ್ಲರೂ ದೇವರಿಗೆ ಸ್ತೋತ್ರ ಅನ್ನೋಣವಾ? ಇನ್ನೊಂದ್ಸಲ, ಸ್ವಲ್ಪ ನಿದ್ದೆ ಬಿಟ್ಟು. ಹಲ್ಲೆಲೂಯಾ!

ದಾನಿಯೇಲನ ಪುಸ್ತಕ ತೆಗೀರಿ. ಮೊಬೈಲ್‌ನಲ್ಲಿ ಬೈಬಲ್ ನೋಡೋರು ನೋಡಿ, ಪರವಾಗಿಲ್ಲ. ಆದ್ರೆ ಆಫೀಸ್ ಗ್ರೂಪಿನ ಮೆಸೇಜ್ ಬಂದ್ರೆ ಒಂದು ಮುಕ್ಕಾಲು ಗಂಟೆ ಅದನ್ನ ನೋಡ್ಬೇಡಿ. ಇವತ್ತು ಭಾನುವಾರ. ಮೇಲಿನ ಸಾಲಿನಲ್ಲಿ ಇಬ್ಬರು ಈಗಲೇ ನಕ್ಕರು, ಅಂದ್ರೆ ಮೆಸೇಜ್ ಬಂದಿದೆ ಅಂತಾಯ್ತು.

ನಮ್ಮ ಗುರುವಾರದ ಮನೆ ಕೂಟದಲ್ಲಿ ಪ್ರಾರ್ಥನಾ ವಿನಂತಿಗಳನ್ನ ಒಂದು ಪುಸ್ತಕದಲ್ಲಿ ಬರೆದಿಡ್ತೀವಿ. ಹೋದ ವಾರ ಹಳೇ ಪುಟಗಳನ್ನ ತಿರುವಿ ನೋಡ್ತಿದ್ದೆ. ಕೆಲವು ವರ್ಷದ ಹಿಂದೆ ಹೆಚ್ಚಿನ ವಿನಂತಿ ಏನಿತ್ತು? ‘ಕೆಲಸ ಸಿಗಬೇಕು.’ ಅಷ್ಟೇ. ಈಗಿನ ಪುಟಗಳನ್ನ ಕೇಳಿ. ‘ನಮ್ಮ ಟೀಮನ್ನ ಇನ್ನೊಂದು ಟೀಮಿಗೆ ಸೇರಿಸ್ತಿದ್ದಾರೆ, ಪ್ರಾರ್ಥಿಸಿ.’ ‘ಹೊಸ ಮ್ಯಾನೇಜರ್ ಬಂದಿದ್ದಾರೆ, ಪ್ರಾರ್ಥಿಸಿ.’ ‘ನಾನು ಮಾಡೋ ಕೆಲಸವನ್ನ ಎ.ಐ. ಮಾಡುತ್ತೆ ಅಂತಿದ್ದಾರೆ, ಪ್ರಾರ್ಥಿಸಿ.’ ‘ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರಲೇಬೇಕಂತೆ, ಮಗು ಇನ್ನೂ ಚಿಕ್ಕದು, ಪ್ರಾರ್ಥಿಸಿ.’ ಕೆಲಸ ಇದೆ. ಆದ್ರೆ ಕಾಲ ಕೆಳಗಿನ ನೆಲ ಅಲ್ಲಾಡ್ತಿದೆ.

ಇದು ಐ.ಟಿ.ಯವರ ಕಥೆ ಮಾತ್ರ ಅಂದ್ಕೋಬೇಡಿ. ನಮ್ಮ ಅಪ್ಪ ಅಮ್ಮಂದಿರಿಗೆ ಬ್ಯಾಂಕ್ ಕೆಲಸ ಅಂದ್ರೆ ಕಲ್ಲಿನಲ್ಲಿ ಕೆತ್ತಿದ ಹಾಗೆ. ಕರ್ನಾಟಕದಲ್ಲೇ ಹುಟ್ಟಿದ ಬ್ಯಾಂಕುಗಳನ್ನ ನೆನಪು ಮಾಡ್ಕೊಳ್ಳಿ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್.ಬಿ.ಐ. ಜೊತೆ ಸೇರಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. 2020ರ ಏಪ್ರಿಲ್ 1ರಂದು ಒಂದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಮೂರು ವರ್ಷದಲ್ಲಿ ನಾಲ್ಕು ಹೆಸರು ಬೋರ್ಡಿನಿಂದ ಇಳಿದವು. ಕೆಲಸ ಮಾಡೋರು ಅದೇ ಜನ, ಎಷ್ಟೋ ಕಡೆ ಅದೇ ಕೌಂಟರು. ಆದ್ರೆ ಬೆಳಗ್ಗೆ ಎದ್ದಾಗ ಮೇಲಿರೋ ಹೆಸರು ಬೇರೆ, ಸಾಫ್ಟ್‌ವೇರ್ ಬೇರೆ, ಮೇಲಧಿಕಾರಿ ಬೇರೆ.

ಬೈಬಲಿನಲ್ಲಿ ಹೀಗೆ ಎದ್ದ ಒಬ್ಬ ಮನುಷ್ಯ ಇದ್ದಾನೆ. ಅವನಿಗೆ ಮೇಲಿನ ಬೋರ್ಡ್ ಬದಲಾಗಿದ್ದು ಒಂದ್ಸಲ ಅಲ್ಲ. ಅವನ ಹೆಸರು ದಾನಿಯೇಲ.

ನಾವು ದಾನಿಯೇಲ ಅಂದ ಕೂಡಲೇ ಸಿಂಹದ ಗವಿಗೆ ಓಡ್ತೀವಿ. ಸಂಡೇ ಸ್ಕೂಲಿನ ಚಿತ್ರದಲ್ಲಿ ದಾನಿಯೇಲ ಹೇಗಿರ್ತಾನೆ? ಇಪ್ಪತ್ತೈದು ವರ್ಷದ ಹುಡುಗ, ಕಪ್ಪು ಕೂದಲು. ನಾನು ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ಇಸವಿಗಳನ್ನ ಬಾಯಿಪಾಠ ಮಾಡಿಸ್ತಿದ್ದರು. ಆಗ ಬೇಜಾರಾಗ್ತಿತ್ತು, ಈಗ ಉಪಯೋಗಕ್ಕೆ ಬರ್ತಿದೆ. ದಾನಿಯೇಲನನ್ನು ಬಾಬೆಲಿಗೆ ಹಿಡಿದುಕೊಂಡು ಹೋದದ್ದು ಸುಮಾರು ಕ್ರಿ.ಪೂ. 605ರಲ್ಲಿ. ಬಾಬೆಲ್ ಪಾರಸಿಯರ ಕೈಗೆ ಬಿದ್ದದ್ದು ಕ್ರಿ.ಪೂ. 539ರಲ್ಲಿ. ಲೆಕ್ಕ ಹಾಕಿ. ಅರವತ್ತಾರು ವರ್ಷ. ಹೋಗುವಾಗ ಹದಿನೈದು ವರ್ಷದವನು ಅಂದ್ರೂ ಸಿಂಹದ ಗವಿಗೆ ಬಿದ್ದವನು ಎಂಬತ್ತು ದಾಟಿದ ತಾತ! ಆ ಅರವತ್ತಾರು ವರ್ಷದಲ್ಲಿ ನೆಬೂಕದ್ನೆಚ್ಚರ ಸತ್ತ. ಅವನ ನಂತರ ಸಿಂಹಾಸನದ ಮೇಲೆ ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಬೇಲ್ಶಚ್ಚರ ಬಂದ. ಒಂದು ರಾತ್ರಿಯಲ್ಲಿ ಅವನೂ ಹೋದ, ಸಾಮ್ರಾಜ್ಯವೇ ಹೋಯ್ತು. ದಾರ್ಯಾವೆಷ ಬಂದ. ಕೋರೆಷ ಬಂದ.

ಈಗ ಒಂದನೇ ಅಧ್ಯಾಯದ ಕೊನೇ ವಚನ ನೋಡಿ, ಇಪ್ಪತ್ತೊಂದು. ಎಷ್ಟು ಸಲ ಓದಿದ್ದೀವಿ, ದಾಟಿಕೊಂಡು ಹೋಗಿದ್ದೀವಿ. ಕೋರೆಷನ ಮೊದಲನೇ ವರ್ಷದವರೆಗೂ ದಾನಿಯೇಲ ಅಲ್ಲೇ ಇದ್ದ ಅಂತ ಅಲ್ಲಿ ಬರೆದಿದೆ. ಅಷ್ಟೇ. ರಾಜರು ಬಂದರು, ಹೋದರು. ದಾನಿಯೇಲ ಇದ್ದ. ನಿಮ್ಮ ಪಕ್ಕದವರ ಕಡೆ ತಿರುಗಿ ಹೇಳಿ: ‘ದಾನಿಯೇಲ ಇದ್ದ.’ ಆಮೆನ್.

ಅವನು ಹೇಗೆ ಇದ್ದ? ಅದನ್ನ ನಾಲ್ಕು ವಿಷಯಗಳಲ್ಲಿ ನೋಡೋಣ.

ಮೊದಲನೇದು. ಅವನು ಕಲಿತ.

ಒಂದನೇ ಅಧ್ಯಾಯ, ನಾಲ್ಕು ಮತ್ತು ಐದನೇ ವಚನ. ಕಸ್ದೀಯರ ಭಾಷೆ, ಅವರ ಸಾಹಿತ್ಯ ಕಲಿಯಬೇಕು. ತರಬೇತಿ ಮೂರು ವರ್ಷ. ಈ ಹುಡುಗನ ಮಾತೃಭಾಷೆ ಇಬ್ರಿಯ, ಅದಕ್ಕೆ ಇಪ್ಪತ್ತೆರಡು ಅಕ್ಷರ. ಬಾಬೆಲಿನ ಹಳೇ ಬರಹ ಹಸಿ ಜೇಡಿಮಣ್ಣಿನ ಹಲಗೆ ಮೇಲೆ ಕಡ್ಡಿಯಿಂದ ಒತ್ತಿ ಬರೆಯೋದು, ಅದರಲ್ಲಿ ನೂರಾರು ಗುರುತುಗಳು. ಇವನ ಊರನ್ನ ಸೋಲಿಸಿದವರ ಭಾಷೆ ಅದು. ಕಲಿಯಲ್ಲ ಅನ್ನಬಹುದಿತ್ತು. ‘ನಮ್ಮ ಯೆರೂಸಲೇಮಿನಲ್ಲಿ ಹೀಗಿರಲಿಲ್ಲ’ ಅಂತ ದಿನಾ ಗೊಣಗಬಹುದಿತ್ತು. ಅವನು ಕೂತು ಕಲಿತ.

ಅವನ ಹೆಸರನ್ನೂ ಬದಲಾಯಿಸಿದರು. ದಾನಿಯೇಲ ಅಂದ್ರೆ ದೇವರೇ ನನ್ನ ನ್ಯಾಯಾಧಿಪತಿ ಅಂತ. ಅದನ್ನ ತೆಗೆದು ಬೇಲ್ತೆಶಚ್ಚರ ಅಂತ ಇಟ್ಟರು, ಅವರ ದೇವರ ಹೆಸರು ಸೇರಿಸಿ. ಅದು ನೋವಿನ ವಿಷಯ. ಆದ್ರೂ ಅವನು ಜಗಳಕ್ಕೆ ನಿಂತದ್ದು ಹೆಸರಿಗಲ್ಲ. ಎಂಟನೇ ವಚನದಲ್ಲಿ, ರಾಜನ ಊಟದಿಂದ ನನ್ನನ್ನ ನಾನು ಅಶುದ್ಧ ಮಾಡ್ಕೊಳ್ಳಲ್ಲ ಅಂತ ಮನಸ್ಸಿನಲ್ಲಿ ನಿಶ್ಚಯ ಮಾಡ್ಕೊಂಡ. ಗಮನಿಸಿ. ಭಾಷೆ ಬದಲಾಯ್ತು, ಸರಿ. ಹೆಸರು ಬದಲಾಯ್ತು, ಸಹಿಸಿಕೊಂಡ. ಆರಾಧನೆಗೆ ಕೈ ಹಾಕಿದಾಗ ಮಾತ್ರ ‘ಇಲ್ಲಿಂದ ಮುಂದಕ್ಕೆ ಆಗಲ್ಲ’ ಅಂದ.

ನಮ್ಮಲ್ಲಿ ಎಷ್ಟೋ ಸಲ ಇದು ತಲೆಕೆಳಗಾಗಿರುತ್ತೆ. ಹೊಸ ಸಾಫ್ಟ್‌ವೇರ್ ಬಂದ್ರೆ ಅದೇ ಶೋಧನೆ, ಸೀಟು ಬದಲಾದ್ರೆ ಅದೇ ಸೈತಾನನ ಕೆಲಸ ಅಂತ ಉಪವಾಸ ಪ್ರಾರ್ಥನೆ. ಆದ್ರೆ ಸುಳ್ಳು ಬಿಲ್ಲಿಗೆ ಸಹಿ ಹಾಕು ಅಂದ್ರೆ ತಲೆ ಬಗ್ಗಿಸಿ ಹಾಕ್ತೀವಿ. ಪ್ರಿಯರೇ, ಎಲ್ಲಾ ಬದಲಾವಣೆಯೂ ಸೈತಾನನಿಂದ ಬಂದದ್ದಲ್ಲ. ಕೆಲವು ಬರೀ ಬದಲಾವಣೆ ಅಷ್ಟೇ. ಕಲೀಬೇಕು. ಇಪ್ಪತ್ತನೇ ವಚನದಲ್ಲಿ ಅವರು ಬೇರೆಯವರಿಗಿಂತ ಹತ್ತು ಪಟ್ಟು ಮೇಲು ಅಂತ ರಾಜನಿಗೆ ಕಂಡಿತು ಅಂತಿದೆ. ನಾವು ಅದಕ್ಕೆ ಜೋರಾಗಿ ಆಮೆನ್ ಅಂತೀವಿ. ಆ ಆಮೆನ್ ಹಿಂದೆ ಮೂರು ವರ್ಷದ ಓದು ಇದೆ. ಅದಕ್ಕೂ ಆಮೆನ್ ಅಂತೀರಾ? ನೋಡಿ, ಸದ್ದು ಕಮ್ಮಿ ಆಯ್ತು.

ಎರಡನೇದು. ಅವನು ತನ್ನ ಭಯದ ಜೊತೆಗೆ ಇನ್ನೊಬ್ಬರ ಭಯವನ್ನೂ ನೋಡಿದ.

ಅದೇ ಅಧ್ಯಾಯ, ಹತ್ತನೇ ವಚನ. ಊಟದ ವಿಷಯ ಕೇಳಿದಾಗ ಆ ಅಧಿಕಾರಿ ಏನಂತಾನೆ? ನಿಮ್ಮ ಮುಖ ಬಾಡಿದ್ರೆ ರಾಜ ನನ್ನ ತಲೆ ತೆಗೀತಾನೆ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಅಂದ್ರೆ ಮ್ಯಾನೇಜರಿಗೂ ಭಯ ಇದೆ! ದಾನಿಯೇಲ ಅವನ ಮೇಲೆ ಕೂಗಾಡಲಿಲ್ಲ. ಮೇಲ್ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ, ಬರೀ ಕಾಯಿಪಲ್ಯ, ನೀರು ಸಾಕು ಅಂದ. ಅವನ ತಲೆ ಉಳಿಯೋ ಹಾಗೆ ದಾರಿ ಹುಡುಕಿದ. ನಿಮ್ಮ ಹೊಸ ಮ್ಯಾನೇಜರ್ ಖಾರವಾಗಿ ಮೇಲ್ ಕಳಿಸಿದಾಗ ಇದನ್ನ ನೆನಪು ಮಾಡ್ಕೊಳ್ಳಿ. ಅವರ ಮೇಲೂ ಒಬ್ಬ ರಾಜ ಇದ್ದಾನೆ.

ಎರಡನೇ ಅಧ್ಯಾಯಕ್ಕೆ ಬನ್ನಿ. ರಾಜ ಕನಸು ಕಂಡ, ವಿದ್ವಾಂಸರು ಹೇಳಲಿಲ್ಲ, ಎಲ್ಲರನ್ನೂ ಕೊಲ್ಲಿ ಅಂತ ಆಜ್ಞೆ ಹೊರಡಿತು. ಒಂದು ಆಜ್ಞೆಗೆ ಒಂದು ಡಿಪಾರ್ಟ್‌ಮೆಂಟೇ ಹೋಯ್ತು. ದೇವರು ದಾನಿಯೇಲನಿಗೆ ಆ ಗುಟ್ಟು ತೋರಿಸಿದ. ಈಗ ಅವನ ಕೈಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಉತ್ತರ ಇದೆ. ಇಪ್ಪತ್ನಾಲ್ಕನೇ ವಚನ ಓದಿ. ಅರ್ಯೋಕನ ಹತ್ತಿರ ಹೋಗಿ ಅವನು ಮೊದಲು ಹೇಳಿದ್ದೇ, ಬಾಬೆಲಿನ ವಿದ್ವಾಂಸರನ್ನ ಕೊಲ್ಲಬೇಡಿ ಅಂತ. ಆ ವಿದ್ವಾಂಸರು ಯಾರು? ಅವನ ಪ್ರತಿಸ್ಪರ್ಧಿಗಳು. ಅನ್ಯದೇವರುಗಳನ್ನ ಆರಾಧಿಸೋರು. ಅವರೆಲ್ಲಾ ಹೋಗಿದ್ರೆ ಇವನೊಬ್ಬನೇ ಉಳೀತಿದ್ದ. ಅವನು ತನಗೆ ಸಿಕ್ಕ ಉತ್ತರದಿಂದ ಅವರನ್ನೂ ಉಳಿಸಿದ.

ಇಲ್ಲಿ ನಾನು ನಿಲ್ಲಬೇಕು. ಯಾಕಂದ್ರೆ ಈ ವಚನ ನನ್ನ ಮೇಲೆ ತೀರ್ಪು ಮಾಡಿದೆ.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ನಾನು ಪೂರ್ಣಕಾಲದ ಪಾಸ್ಟರ್ ಅಲ್ಲ. ವಾರದ ದಿನಗಳಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಎರಡು ವರ್ಷದ ಹಿಂದೆ ನಮ್ಮ ವಿಭಾಗವನ್ನ ಮರುರಚನೆ ಮಾಡಿದರು. ಬಿಲ್ಲುಗಳನ್ನ ಪರಿಶೀಲಿಸೋ ಕೆಲಸಕ್ಕೆ ಹೊಸ ಸಾಫ್ಟ್‌ವೇರ್ ಬಂತು, ಬೇರೆ ಊರಿನಿಂದ ಹೊಸ ಟೀಮ್ ಬಂತು. ನಾವು ಒಂಬತ್ತು ಜನ ಇದ್ವಿ. ಎಲ್ಲರೂ ಉಳಿಯಲ್ಲ ಅಂತ ಗೊತ್ತಿತ್ತು, ಯಾರು ಉಳೀತಾರೆ ಅಂತ ಗೊತ್ತಿರಲಿಲ್ಲ. ಹೊಸಬರಿಗೆ ಕೆ.ಟಿ. ಕೊಡು ಅಂದರು. ಕೆ.ಟಿ. ಅಂದ್ರೆ ನಿಮಗೆ ಹೇಳೋದು ಬೇಡ, ನಮ್ಮ ತಲೆಯಲ್ಲಿರೋದನ್ನ ಅವರ ತಲೆಗೆ ಹಾಕೋದು.

ಕೊಟ್ಟೆ. ಆದ್ರೆ ಒಂದು ಎಕ್ಸೆಲ್ ಫೈಲ್ ಕೊಡಲಿಲ್ಲ. ಆರು ವರ್ಷ ಕೂತು ನಾನು ಮಾಡಿದ ಫೈಲ್ ಅದು. ಯಾವ ಸರಬರಾಜುದಾರ ಒಂದೇ ಬಿಲ್ಲನ್ನ ಎರಡು ನಂಬರಿನಲ್ಲಿ ಕಳಿಸ್ತಾನೆ, ಯಾರ ಜಿ.ಎಸ್.ಟಿ. ನಂಬರಿನಲ್ಲಿ ತಪ್ಪಿದೆ, ಯಾರಿಗೆ ಟಿ.ಡಿ.ಎಸ್. ಎಷ್ಟು ಹಿಡೀಬೇಕು, ಎಲ್ಲಾ ಅದರಲ್ಲಿತ್ತು. ಅದನ್ನ ನನ್ನ ಸ್ವಂತ ಫೋಲ್ಡರಿನಲ್ಲಿ ಇಟ್ಕೊಂಡೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳು ಹೇಳಿಲ್ಲವಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ. ಅವರಿಗೆ ತೊಂದರೆ ಆದಾಗ ನನ್ನ ಹತ್ತಿರ ಬರ್ತಾರೆ, ನಾನಿಲ್ಲದೆ ನಡೆಯಲ್ಲ ಅಂತ ಗೊತ್ತಾಗುತ್ತೆ, ನನ್ನ ಕೆಲಸ ಉಳಿಯುತ್ತೆ. ಇದು ನನ್ನ ಲೆಕ್ಕ. ಆ ವಾರ ಭಾನುವಾರ ನಾನು ಇಲ್ಲೇ ನಿಂತು, ಯೆಹೋವನನ್ನ ನಂಬೋದರ ಬಗ್ಗೆ ಪ್ರಸಂಗ ಮಾಡಿದ್ದೀನಿ.

ತಿಂಗಳ ಕೊನೆ ಬಂತು. ಒಬ್ಬ ಸರಬರಾಜುದಾರನಿಗೆ ಎರಡು ಸಲ ಹಣ ಹೋಯ್ತು. ಹೊಸ ಟೀಮಿನಲ್ಲಿ ಒಬ್ಬಳು ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳು ಆಗಿತ್ತು. ಕಾಲ್‌ನಲ್ಲಿ ಎಲ್ಲರ ಮುಂದೆ ಅವಳನ್ನ ಕೇಳಿದರು, ಯಾಕೆ ನೋಡಲಿಲ್ಲ ಅಂತ. ಅವಳ ಹತ್ತಿರ ಉತ್ತರ ಇರಲಿಲ್ಲ. ಉತ್ತರ ನನ್ನ ಫೋಲ್ಡರಿನಲ್ಲಿತ್ತು. ಅವಳು ಕ್ಯಾಮೆರಾ ಆಫ್ ಮಾಡಿದಳು. ನಾನೂ ಆ ಕಾಲ್‌ನಲ್ಲಿದ್ದೆ. ನನ್ನ ಮೈಕ್ ಮ್ಯೂಟ್ ಆಗಿತ್ತು. ನಾನು ಅದನ್ನ ತೆಗೀಲಿಲ್ಲ.

ಸಾಯಂಕಾಲ ಮನೆ ಕೂಟ. ಪ್ರಾರ್ಥನೆ ನಡೆಸೋಕೆ ಎದ್ದು ನಿಂತೆ, ಬಾಯಿಂದ ಮಾತು ಬರಲಿಲ್ಲ. ಅಭಿಷೇಕ ಇಳಿದಿದೆ ಅಂತ ಕೆಲವರು ಅಂದ್ಕೊಂಡರು. ಅಭಿಷೇಕ ಅಲ್ಲ ಪ್ರಿಯರೇ, ಪವಿತ್ರಾತ್ಮನು ನನ್ನ ಕುತ್ತಿಗೆ ಹಿಡಿದಿದ್ದ. ಮನೆಗೆ ಬರ್ತಾ ನನ್ನ ಹೆಂಡತಿ, ‘ಏನಾಯ್ತು ರೀ?’ ಅಂದಳು. ಎಲ್ಲಾ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಇಷ್ಟು ದಿನ ನಮಗೆ ಅನ್ನ ಹಾಕಿದ್ದು ಆ ಫೈಲ್ ಅಂದ್ಕೊಂಡಿದ್ರಾ?’

ಮಾರನೇ ದಿನ ಬೆಳಗ್ಗೆ ಆ ಫೈಲನ್ನ ಮ್ಯಾನೇಜರಿಗೆ ಕಳಿಸಿದೆ. ನನ್ನ ಹತ್ತಿರ ಇದು ಇತ್ತು, ಬೇಕಂತಲೇ ಕೊಡಲಿಲ್ಲ, ತಪ್ಪು ಆ ಹುಡುಗಿಯದಲ್ಲ ಅಂತ ಬರೆದೆ. ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವಳು ‘ಪರವಾಗಿಲ್ಲ ಸರ್’ ಅನ್ನಲಿಲ್ಲ. ‘ನಿನ್ನೆಯಿಂದ ಊಟ ಮಾಡಿಲ್ಲ ಸರ್’ ಅಂದಳು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ಏನಾಯ್ತು ಅಂತ ಸಾಕ್ಷಿ ಕೇಳೋಕೆ ಕಾಯ್ತಿದ್ದೀರಿ. ‘ಸತ್ಯ ಹೇಳಿದೆ, ಪ್ರಮೋಷನ್ ಸಿಕ್ಕಿತು’ ಅಂತ ನಾನು ಹೇಳಿದ್ರೆ ನೀವೆಲ್ಲಾ ಚಪ್ಪಾಳೆ ಹೊಡೀತೀರಿ. ಹಾಗೆ ಆಗಲಿಲ್ಲ. ಲಿಖಿತ ಎಚ್ಚರಿಕೆ ಸಿಕ್ಕಿತು. ಆ ವರ್ಷ ಸಂಬಳ ಹೆಚ್ಚಲಿಲ್ಲ. ಬೇರೆ ವಿಭಾಗಕ್ಕೆ ಹಾಕಿದರು, ಮೊದಲಿಗಿಂತ ಚಿಕ್ಕ ಕೆಲಸ. ಆದ್ರೆ ನನ್ನ ಕೆಲಸ ಉಳೀತು, ನನಗಿಂತ ಚೆನ್ನಾಗಿ ಕೆಲಸ ಮಾಡ್ತಿದ್ದ, ನನಗಿಂತ ಪ್ರಾಮಾಣಿಕನಾದ ಒಬ್ಬ ಅಣ್ಣನ ಕೆಲಸ ಹೋಯ್ತು. ಯಾಕೆ ಹಾಗೆ ಅಂತ ದೇವರನ್ನ ಕೇಳಿದ್ದೀನಿ. ಉತ್ತರ ಸಿಕ್ಕಿಲ್ಲ. ಒಂದು ಮಾತ್ರ ಹೇಳಬಲ್ಲೆ. ಅವತ್ತು ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ಬಾಯಿ ತೆರೀತು.

ನಿಮ್ಮ ಹತ್ತಿರ ಅಂಥ ಫೈಲ್ ಇದೆಯಾ? ಜೂನಿಯರಿಗೆ ಹೇಳಿಕೊಡದೆ ಬಚ್ಚಿಟ್ಟ ವಿಷಯ ಇದೆಯಾ? ಭಯ ಬಂದಾಗ ನಾವು ಕೈ ಮುಚ್ಚಿಕೊಳ್ತೀವಿ. ದಾನಿಯೇಲ ಕೈ ತೆರೆದ.

ಮೂರನೇದು. ಅವನು ಮರೆತುಹೋದ ಕಾಲವನ್ನೂ ದಾಟಿದ.

ಐದನೇ ಅಧ್ಯಾಯ. ಬೇಲ್ಶಚ್ಚರನ ಔತಣ, ಗೋಡೆ ಮೇಲೆ ಕೈ ಬರೀತಿದೆ, ಎಲ್ಲರೂ ನಡುಗ್ತಿದ್ದಾರೆ. ಆಗ ರಾಣಿ ಒಳಗೆ ಬಂದು, ನಿನ್ನ ರಾಜ್ಯದಲ್ಲಿ ಹೀಗೊಬ್ಬ ಮನುಷ್ಯ ಇದ್ದಾನೆ ಅಂತ ಹೇಳಬೇಕಾಗುತ್ತೆ. ಇದರ ಅರ್ಥ ಏನು? ರಾಜನಿಗೆ ಇವನ ನೆನಪೇ ಇಲ್ಲ. ಹದಿಮೂರನೇ ವಚನದಲ್ಲಿ, ನೀನೇನಾ ಆ ದಾನಿಯೇಲ ಅನ್ನೋ ಥರ ಕೇಳ್ತಾನೆ. ಒಂದು ಕಾಲದಲ್ಲಿ ಬಾಬೆಲ್ ಸಂಸ್ಥಾನಕ್ಕೇ ಅಧಿಪತಿಯಾಗಿದ್ದವನು! ಹೊಸ ಆಡಳಿತ ಬಂತು, ಇವನು ಮೂಲೆಗೆ ಹೋದ.

ಆ ವರ್ಷಗಳಲ್ಲಿ ಅವನು ಏನು ಮಾಡ್ತಿದ್ದ? ಎಂಟನೇ ಅಧ್ಯಾಯ, ಕೊನೇ ವಚನ. ಅದು ಬೇಲ್ಶಚ್ಚರನ ಮೂರನೇ ವರ್ಷ. ದರ್ಶನ ನೋಡಿದ ಮೇಲೆ ದಾನಿಯೇಲ ಸೋತುಹೋದ, ಕೆಲವು ದಿನ ಕಾಯಿಲೆ ಬಿದ್ದ. ಆಮೇಲೆ ಎದ್ದು ರಾಜನ ಕೆಲಸಕ್ಕೆ ಹೋದ. ನನಗೆ ಈ ವಚನ ತುಂಬಾ ಇಷ್ಟ. ದೇವಮನುಷ್ಯನಿಗೂ ಮಲಗಿಬಿಡೋ ದಿನಗಳಿವೆ. ‘ವಿಶ್ವಾಸಿಗಳು ಬೇಜಾರು ಮಾಡ್ಕೋಬಾರದು’ ಅಂತ ನಾವು ಹೇಳ್ತೀವಲ್ಲ, ಅದು ಬೈಬಲಿನಲ್ಲಿ ಎಲ್ಲಿದೆ? ದುಃಖಪಡೋಕೆ ಕೆಲವು ದಿನ ಇದೆ. ಏಳೋಕೂ ಒಂದು ದಿನ ಇದೆ.

ನಮ್ಮಲ್ಲೇ ಒಬ್ಬ ತಮ್ಮನ ವಿಷಯ ಹೇಳ್ತೀನಿ. ಹೇಳಿ ಪಾಸ್ಟರ್ ಅಂತ ಅವನೇ ಅನುಮತಿ ಕೊಟ್ಟಿದ್ದಾನೆ. ಹೆಸರು ಹೇಳಲ್ಲ, ಹುಡುಕೋಕೂ ಹೋಗ್ಬೇಡಿ. ಒಂದು ಮಂಗಳವಾರ ಬೆಳಗ್ಗೆ ವಿಡಿಯೊ ಕಾಲ್ ಬಂತು. ಮಧ್ಯಾಹ್ನದೊಳಗೆ ಅವನ ಲ್ಯಾಪ್‌ಟಾಪ್ ಲಾಕ್ ಆಯ್ತು. ಮನೆಯಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ. ಮಾರನೇ ದಿನ ಎಂದಿನ ಹಾಗೆ ಸ್ನಾನ ಮಾಡಿ, ಬ್ಯಾಗು ಹಾಕ್ಕೊಂಡು, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ತಗೊಂಡು ಹೊರಟ. ಮೆಟ್ರೊ ನೇರಳೆ ಮಾರ್ಗ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿದ. ಬೆಂಚಿನ ಮೇಲೆ ಕೂತ. ಅಲ್ಲೇ ಡಬ್ಬಿ ತೆರೆದು ಊಟ ಮಾಡಿದ. ಸಾಯಂಕಾಲ ಆರಕ್ಕೆ ವಾಪಸ್. ಹೀಗೆ ಹತ್ತೊಂಬತ್ತು ದಿನ. ಭಾನುವಾರ ಇಲ್ಲಿ ಬಂದು ಕೈ ಎತ್ತಿ ಹಾಡ್ತಿದ್ದ. ನಾವು ‘ಹೇಗಿದ್ದೀಯಾ ಬ್ರದರ್?’ ಅಂತ ಕೇಳ್ತಿದ್ವಿ. ‘ಕರ್ತನ ಕೃಪೆ’ ಅಂತಿದ್ದ. ನಾವು ಮುಂದಕ್ಕೆ ಹೋಗ್ತಿದ್ವಿ.

ಇಪ್ಪತ್ತನೇ ದಿನ ರಾತ್ರಿ ಹೆಂಡತಿಗೆ ಹೇಳಿದ. ಆ ತಂಗಿ ಏನಂದಳು ಗೊತ್ತಾ? ‘ಗೊತ್ತು ರೀ. ನಿಮ್ಮ ಐ.ಡಿ. ಕಾರ್ಡ್ ಇಷ್ಟು ದಿನದಿಂದ ಬೀರುವಿನಲ್ಲೇ ಇದೆ. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ.’

ಪ್ರಿಯರೇ, ಕರ್ತನೂ ಹಾಗೇ ಕಾಯ್ತಾನೆ. ಅವನಿಗೆ ಮೊದಲೇ ಗೊತ್ತು. ಇಲ್ಲಿ ಕೂತಿರೋ ಯಾರಾದ್ರೂ ಇವತ್ತು ಬ್ಯಾಗು ಹಾಕ್ಕೊಂಡು ಎಲ್ಲೋ ಕೂತು ಬರ್ತಿದ್ರೆ, ಇವತ್ತು ಮನೆಗೆ ಹೋಗಿ ಹೇಳಿ. ಗಂಡನಿಗೆ, ಹೆಂಡತಿಗೆ, ಅಪ್ಪ ಅಮ್ಮನಿಗೆ. ದಾನಿಯೇಲನೂ ಎರಡನೇ ಅಧ್ಯಾಯದಲ್ಲಿ ಮನೆಗೆ ಹೋಗಿ ಮೂರು ಜನ ಸ್ನೇಹಿತರಿಗೆ ಹೇಳಿದ, ಆಮೇಲೆ ಒಟ್ಟಿಗೆ ಪ್ರಾರ್ಥಿಸಿದರು. ಸಭೆಯಾಗಿ ನಮ್ಮದೂ ತಪ್ಪಿದೆ. ‘ಕರ್ತನ ಕೃಪೆ’ ಅಂದ ಮೇಲೆ ಒಂದು ನಿಮಿಷ ನಿಂತು ಇನ್ನೊಂದ್ಸಲ ಕೇಳಿ.

ಇನ್ನೂ ಒಂದು ಮಾತು. ಕೆಲಸ ಹೋದಾಗ ಬರಬೇಕಾದ ಹಣ ಕೇಳೋದು ಅನಾತ್ಮಿಕ ಅಂತ ಕೆಲವರು ಅಂದ್ಕೋತಾರೆ. ನೋಟಿಸ್ ಅವಧಿಯ ಸಂಬಳ, ಪಿ.ಎಫ್., ಗ್ರಾಚ್ಯುಟಿ, ಅನುಭವ ಪತ್ರ, ಇವು ನಿಮ್ಮ ಹಕ್ಕಿನಲ್ಲಿದ್ರೆ ಮರ್ಯಾದೆಯಿಂದ ಕೇಳಿ. ರಾಜೀನಾಮೆ ಬರೆದುಕೊಡು ಅಂದ ಕೂಡಲೇ ಗಾಬರಿಯಲ್ಲಿ ಸಹಿ ಹಾಕ್ಬೇಡಿ. ಒಂದು ದಿನ ಸಮಯ ಕೇಳಿ, ತಿಳಿದವರಿಗೆ ತೋರಿಸಿ. ಪೌಲನು ಕೊರಡೆ ಹೊಡೆಯೋಕೆ ಬಂದಾಗ ನಾನು ರೋಮ್ ಪೌರ ಅಂತ ಹೇಳಿದ, ಅಪೊಸ್ತಲರ ಕೃತ್ಯಗಳು 22. ಕೈಸರನಿಗೆ ಮನವಿ ಮಾಡಿಕೊಂಡ, 25ನೇ ಅಧ್ಯಾಯ. ಕಾನೂನನ್ನ ಉಪಯೋಗಿಸಿದ್ದರಿಂದ ಅವನ ವಿಶ್ವಾಸ ಕಮ್ಮಿ ಆಗಲಿಲ್ಲ. ಮತ್ತೆ ದಯವಿಟ್ಟು ಮೊಬೈಲ್ ಸಾಲದ ಆ್ಯಪ್‌ಗಳ ಹತ್ತಿರ ಹೋಗ್ಬೇಡಿ. ಅಕ್ಕಿ ಬೇಕಾದ್ರೆ, ಮಗುವಿನ ಫೀಸ್ ಕಟ್ಟಬೇಕಾದ್ರೆ ಮೊದಲು ನಮಗೆ ಹೇಳಿ. ಸಭೆ ಇರೋದು ಅದಕ್ಕೆ.

ನಾಲ್ಕನೇದು, ಕೊನೇದು. ಅವನಿಗೆ ಒಂದು ಕಿಟಕಿ ಇತ್ತು.

ಆರನೇ ಅಧ್ಯಾಯ. ಹೊಸ ಸರ್ಕಾರ, 120 ಮಂದಿ ದೇಶಾಧಿಪತಿಗಳು, ಅವರ ಮೇಲೆ ಮೂವರು ಮುಖ್ಯಾಧಿಕಾರಿಗಳು, ಅದರಲ್ಲಿ ದಾನಿಯೇಲ ಒಬ್ಬ. ಉಳಿದವರಿಗೆ ಹೊಟ್ಟೆಕಿಚ್ಚು. ಅವನ ಫೈಲುಗಳನ್ನೆಲ್ಲಾ ಜಾಲಾಡಿದರು, ಒಂದು ತಪ್ಪೂ ಸಿಗಲಿಲ್ಲ. ಕೊನೆಗೆ ಅವನ ದೇವರ ವಿಷಯದಲ್ಲೇ ಹಿಡೀಬೇಕು ಅಂತ ಮೂವತ್ತು ದಿನದ ಕಾನೂನು ಮಾಡಿಸಿದರು. ರುಜುವಾಯ್ತು, ಇನ್ನು ಬದಲಾಯಿಸೋಕಾಗಲ್ಲ.

ಹತ್ತನೇ ವಚನ. ಆ ಕಾನೂನಿಗೆ ರುಜುವಾದದ್ದು ಗೊತ್ತಾದ ಮೇಲೂ ದಾನಿಯೇಲ ಮನೆಗೆ ಹೋದ. ಮಹಡಿಯ ಕೋಣೆ. ಯೆರೂಸಲೇಮಿನ ದಿಕ್ಕಿಗೆ ತೆರೆದ ಕಿಟಕಿ. ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥನೆ, ಸ್ತೋತ್ರ. ವಚನದ ಕೊನೆಗೆ, ಅವನು ಮೊದಲಿನಿಂದ ಮಾಡ್ತಿದ್ದ ಹಾಗೆಯೇ ಅನ್ನೋ ಅರ್ಥದ ಮಾತಿದೆ. ಅದರ ಕೆಳಗೆ ಗೆರೆ ಎಳೆಯಿರಿ. ಕಷ್ಟ ಬಂತು ಅಂತ ಅವನು ಕಿಟಕಿ ತೆರೆಯಲಿಲ್ಲ. ತೆರೆದೇ ಇದ್ದ ಕಿಟಕಿಯನ್ನ ಕಷ್ಟ ಬಂತು ಅಂತ ಮುಚ್ಚಲಿಲ್ಲ.

ಯಾಕೆ ಯೆರೂಸಲೇಮಿನ ಕಡೆಗೆ? 1 ಅರಸುಗಳು 8ನೇ ಅಧ್ಯಾಯದಲ್ಲಿ ಸೊಲೊಮೋನನು ದೇವಾಲಯ ಪ್ರತಿಷ್ಠೆ ಮಾಡುವಾಗ ಬೇಡಿಕೊಂಡಿದ್ದ. ನಿನ್ನ ಜನ ಸೆರೆಹೋದ ದೇಶದಿಂದ ಈ ಪಟ್ಟಣದ ಕಡೆ ತಿರುಗಿ ಪ್ರಾರ್ಥಿಸಿದ್ರೆ ಕೇಳು ಅಂತ. ದಾನಿಯೇಲ ಆ ಮಾತನ್ನ ಹಿಡ್ಕೊಂಡಿದ್ದ. ಆದ್ರೆ ಅವನು ತಿರುಗಿದ ದಿಕ್ಕಿನಲ್ಲಿ ಏನಿತ್ತು? ದೇವಾಲಯ ಸುಟ್ಟು ನಲವತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ಅಲ್ಲಿದ್ದದ್ದು ಬೂದಿ, ಕಲ್ಲುಗುಡ್ಡೆ. ಅವನು ನಂಬಿದ್ದು ಕಟ್ಟಡವನ್ನಲ್ಲ, ಮಾತು ಕೊಟ್ಟ ದೇವರನ್ನ.

ನಿಮ್ಮ ಕಿಟಕಿ ಯಾವುದು? ದಿನಕ್ಕೆ ಮೂರು ಸಲ ಅಂದ್ರೆ ಕಷ್ಟ ಅಂತೀರಿ. ಬೆಳಗ್ಗೆ ಆಫೀಸಿನ ಮೇಲ್ ನೋಡೋ ಮೊದಲು ಐದು ನಿಮಿಷ. ಮಧ್ಯಾಹ್ನ ಊಟದ ಹೊತ್ತಿಗೆ ಎರಡು ನಿಮಿಷ. ರಾತ್ರಿ ಮಲಗೋ ಮೊದಲು ಹತ್ತು ನಿಮಿಷ, ಮೊಣಕಾಲ ಮೇಲೆ. ಈ ವಾರ ಇಷ್ಟು ಮಾಡಿ. ಕೆಲಸ ಸರಿಯಿರುವಾಗಲೇ ಶುರು ಮಾಡಿ. ನೆಲ ಅಲ್ಲಾಡೋ ದಿನ ಹೊಸದಾಗಿ ಕಿಟಕಿ ಕೊರೆಯೋಕೆ ಸಮಯ ಇರಲ್ಲ.

ಮುಗಿಸ್ತೀನಿ. ನಿಮಗೆ ಒಂದು ವಾಗ್ದಾನ ಕೊಡೋಕೆ ನನಗೆ ಆಸೆ. ಈ ತಿಂಗಳು ನಿಮ್ಮ ಕೆಲಸಕ್ಕೆ ಏನೂ ಆಗಲ್ಲ ಅಂತ. ಆದ್ರೆ ವಾಕ್ಯ ಹಾಗೆ ಹೇಳಲ್ಲ. ಇಬ್ರಿಯರಿಗೆ 11ನೇ ಅಧ್ಯಾಯದಲ್ಲಿ ವಿಶ್ವಾಸದಿಂದ ಸಿಂಹಗಳ ಬಾಯಿ ಕಟ್ಟಿದವರಿದ್ದಾರೆ. ಕೆಳಗೆ ನಾಲ್ಕು ವಚನ ಬನ್ನಿ, ಅದೇ ವಿಶ್ವಾಸದಿಂದ ಗರಗಸದಲ್ಲಿ ಕೊಯ್ಯಲ್ಪಟ್ಟವರೂ ಇದ್ದಾರೆ. ಎರಡೂ ಪಟ್ಟಿ ದೇವರದ್ದೇ. ಸಿಂಹದ ಗವಿಯಿಂದ ದಾನಿಯೇಲ ಹೊರಗೆ ಬಂದ, ನಿಜ. ಆದ್ರೆ ಅವನು ಯೆರೂಸಲೇಮಿಗೆ ವಾಪಸ್ ಹೋದ ಅಂತ ಎಲ್ಲೂ ಬರೆದಿಲ್ಲ. ಕಿಟಕಿಯಿಂದ ನೋಡಿದ ಊರಿಗೆ ಕಾಲಿಡದೆ ಅವನು ಮುಗಿದ. ಆದ್ರೂ ಅವನ ಜೀವನ ವ್ಯರ್ಥ ಅಂತ ನಾವ್ಯಾರೂ ಹೇಳಲ್ಲ.

ನಾನು ಕೊಡಬಲ್ಲ ವಾಗ್ದಾನ ಯೇಸುವೇ. ಮಹಿಮೆಯ ಸ್ಥಾನ ಬಿಟ್ಟು ದಾಸನ ರೂಪಕ್ಕೆ ಇಳಿದವನು, ಫಿಲಿಪ್ಪಿ 2. ಬಡಗಿಯ ಕೆಲಸ ಮಾಡಿದ ಕೈ ಅವನದು. ಅವನ ಆಪ್ತರೇ ಒಂದು ರಾತ್ರಿಯಲ್ಲಿ ಅವನನ್ನ ಬಿಟ್ಟು ಓಡಿದರು. ದಾನಿಯೇಲನ ಗವಿಗೆ ಕಲ್ಲು ಇಟ್ಟು ಮುದ್ರೆ ಹಾಕಿದರು, ನಮ್ಮ ಕರ್ತನ ಸಮಾಧಿಗೂ ಕಲ್ಲು ಇಟ್ಟು ಮುದ್ರೆ ಹಾಕಿದರು. ದಾನಿಯೇಲ ಸಾಯದೆ ಹೊರಗೆ ಬಂದ. ಯೇಸು ಸತ್ತು, ಮರಣವನ್ನೇ ಗೆದ್ದು ಹೊರಗೆ ಬಂದ. ನಿಮ್ಮ ಐ.ಡಿ. ಕಾರ್ಡ್ ಕಿತ್ತುಕೊಳ್ಳಬಹುದು. ಆತನ ಕೈಯಿಂದ ನಿಮ್ಮನ್ನ ಕಿತ್ತುಕೊಳ್ಳೋಕೆ ಯಾರಿಗೂ ಆಗಲ್ಲ. ಇದಕ್ಕೆ ಆಮೆನ್ ಅಂತೀರಾ? ಹಲ್ಲೆಲೂಯಾ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ವಾದ್ಯ ಸ್ವಲ್ಪ ಮೆಲ್ಲಗೆ.

ಕೆಲಸದ ವಿಷಯದಲ್ಲಿ ಭಯದಲ್ಲಿರೋರು, ಕೆಲಸ ಕಳ್ಕೊಂಡೋರು, ನನ್ನ ಹಾಗೆ ಫೈಲ್ ಬಚ್ಚಿಟ್ಟೋರು, ಮುಂದೆ ಬನ್ನಿ. ಯಾರೂ ನೋಡ್ತಿಲ್ಲ. ನೋಡಿದ್ರೂ ಪರವಾಗಿಲ್ಲ, ಇದು ನಿಮ್ಮ ಮನೆ.

ಪ್ರಾರ್ಥಿಸೋಣ. ತಂದೆಯೇ, ನಿನಗೆ ಸ್ತೋತ್ರ. ರಾಜರನ್ನ ಇಳಿಸುವವನೂ ಏರಿಸುವವನೂ ನೀನೇ. ಈ ತಮ್ಮಂದಿರ, ತಂಗಿಯರ ಎದೆಯಲ್ಲಿರೋ ನಡುಕ ನಿನಗೆ ಗೊತ್ತು. ಸೋಮವಾರ ಬೆಳಗ್ಗೆ ಇವರ ಜೊತೆ ಆ ಕಟ್ಟಡದ ಒಳಗೆ ಹೋಗು ಕರ್ತನೇ. ಕಲಿಯೋಕೆ ಬುದ್ಧಿ ಕೊಡು, ಹಂಚಿಕೊಳ್ಳೋಕೆ ತೆರೆದ ಕೈ ಕೊಡು, ಮನೆಯಲ್ಲಿ ಸತ್ಯ ಹೇಳೋಕೆ ಧೈರ್ಯ ಕೊಡು. ಕೆಲಸ ಇಲ್ಲದವರಿಗೆ ಕೆಲಸ ಕೊಡು, ಅಲ್ಲೀವರೆಗೆ ಅನ್ನ ಕೊಡು, ಆ ಅನ್ನ ಕೊಡೋ ಕೈಯಾಗಿ ನಮ್ಮನ್ನ ಉಪಯೋಗಿಸು. ನಮ್ಮ ಕಿಟಕಿಗಳು ಮುಚ್ಚದೇ ಇರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಹೋಗೋ ಮೊದಲು ಒಬ್ಬರ ಹತ್ತಿರವಾದ್ರೂ ‘ಕೆಲಸ ಹೇಗಿದೆ?’ ಅಂತ ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ.